ಪದಚರ್ಚೆ: ‘ಫ್ಲೆಕ್ಸಿಬಲ್ ಸ್ಪೇಸ್’ ಕನ್ನಡದಲ್ಲಿ ಏನಾಗಬೇಕು?

ಪ್ರಶ್ನೆ: ಒಂದೇ ಕೋಣೆ ಬೆಳಿಗ್ಗೆ ಚರ್ಚಾಕೂಟಕ್ಕೆ, ಮಧ್ಯಾಹ್ನ ರೊಬೊಟಿಕ್ಸ್ ಕ್ಲಬ್ಬಿಗೆ, ಸಂಜೆ ನಾಟಕದ ತಾಲೀಮಿಗೆ ಒದಗಬೇಕು. ಕಾಲೇಜಿನ ವಿದ್ಯಾರ್ಥಿ ಸಂಘಗಳಿಗಾಗಿ ಇಂಥ ಒಳಾಂಗಣದ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ನಮ್ಯ ಸ್ಥಳ’ ಎಂದಿದೆ. ‘ಬಹೂಪಯೋಗಿ ಕೋಣೆ’ ಎಂದರೆ ಸಾಕೇ? ‘ಆಪರೇಬಲ್ ಪಾರ್ಟಿಷನ್’, ‘ನೆಸ್ಟಿಂಗ್ ಟೇಬಲ್’ಗಳಿಗೂ ಪದ ಬೇಕು. ಬಲ್ಲವರು ತಿಳಿಸಿ.

ಉತ್ತರ 1: ‘ನಮ್ಯ’ ಬೇಡ. ವಿಜ್ಞಾನದ ಪಾಠದಲ್ಲಿ ಅದು ಬಾಗುವ ತಂತಿಯ ಗುಣ. ಇಲ್ಲಿ ಕೋಣೆ ಬಾಗುವುದಿಲ್ಲ. ‘ಬಹೂಪಯೋಗಿ’ ಎಂಬುದಕ್ಕೂ ಕೊರತೆಯಿದೆ. ಏನೂ ಬದಲಾಗದ ದೊಡ್ಡ ಹಾಲ್ ಕೂಡ ಬಹೂಪಯೋಗಿಯೇ. ಗೋಡೆ, ಪೀಠೋಪಕರಣಗಳು ಸ್ಥಾನ ಬದಲಿಸುತ್ತವೆ ಎಂದು ತಿಳಿಯಬೇಕಾದರೆ ‘ಮಾರ್ಪಡಿಸಬಲ್ಲ ಕೋಣೆ’ ಒಳ್ಳೆಯದು.

ಪಾರ್ಟಿಷನ್ ವಿಷಯದಲ್ಲಿ ಕ್ರಿಯಾಪದವನ್ನೇ ಹಿಡಿಯಬೇಕು, ಏಕೆಂದರೆ ಪದ ತಪ್ಪಿದರೆ ಬರುವ ವಸ್ತುವೂ ತಪ್ಪುತ್ತದೆ. ‘ಮಡಚುವ ಅಡ್ಡಗೋಡೆ’ ಕೀಲುಗಳಿಂದ ಮಡಚಿಕೊಳ್ಳುತ್ತದೆ. ‘ಸರಿಸುವ ಅಡ್ಡಗೋಡೆ’ಯಲ್ಲಿ ಬಿಡಿ ಪ್ಯಾನೆಲ್‌ಗಳು ಮೇಲಿನ ಹಳಿಯಲ್ಲಿ ನೇತಾಡುತ್ತ ಸರಿದು ಒಂದು ಮೂಲೆ ಸೇರುತ್ತವೆ. 6 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆ ಚದರ ಮೀಟರಿಗೆ 40 ಕೆಜಿ ಇದ್ದರೆ ಒಟ್ಟು 720 ಕೆಜಿ. 1.2 ಮೀಟರಿನ ಐದು ಪ್ಯಾನೆಲ್ ಒತ್ತಾಗಿ ನಿಂತಾಗ ಆ ಭಾರವೆಲ್ಲ ಸುಮಾರು ಅರ್ಧ ಮೀಟರಿನೊಳಗೆ ಬೀಳುತ್ತದೆ. ತೊಲೆಯ ಲೆಕ್ಕ ಆ ಮೂಲೆಗೇ ಆಗಬೇಕು. ಇಲ್ಲವಾದರೆ ಹಳಿ ಜಗ್ಗಿ ಪ್ಯಾನೆಲ್ ನೆಲಕ್ಕೆ ಉಜ್ಜುತ್ತದೆ.

‘ಧ್ವನಿನಿರೋಧಕ’ ಎಂದು ಮಾತ್ರ ಬರೆಯಬೇಡಿ. ಎಸ್‌ಟಿಸಿ (ಗೋಡೆ ಸದ್ದನ್ನು ಎಷ್ಟು ತಡೆಯುತ್ತದೆಂಬ ಅಳತೆ) 50 ಎಂಬುದು ಪ್ರಯೋಗಾಲಯದ ಅಂಕಿ, ಜಾಗದಲ್ಲಿ ಅದು ಕಡಿಮೆಯಾಗುತ್ತದೆ. ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ನಿಂತರೆ ಮೇಲಿನ ಟೊಳ್ಳಿನಲ್ಲಿ ಸದ್ದು ಹಾದು ಆಚೆ ಇಳಿಯುತ್ತದೆ. ಅದೇ ಸಾಲಿನಲ್ಲಿ ಸ್ಲ್ಯಾಬಿನವರೆಗೂ ತಡೆ ಕಟ್ಟಲೇಬೇಕು. ಇದಕ್ಕೆ ‘ಮೇಲ್ತಡೆ’ ಎನ್ನಬಹುದು.

ಉತ್ತರ 2: ‘ಮಾರ್ಪಡಿಸಬಲ್ಲ’ ನನಗೂ ಒಪ್ಪಿಗೆ. ಆದರೆ ಕೋಣೆ ಎರಡಾದಾಗ ಪ್ರತಿ ಭಾಗಕ್ಕೂ ಅದರದೇ ಬಾಗಿಲು, ಸ್ವಿಚ್ಚು, ಹೊಗೆ ಪತ್ತೆ ಸಾಧನ, ಗಾಳಿಯ ವ್ಯವಸ್ಥೆ ಇರಬೇಕೆಂದು ಪದದ ವಿವರಣೆಯಲ್ಲೇ ಸೇರಿಸಿ. ಒಂದು ಕಡೆಯ ದೀಪದ ಸ್ವಿಚ್ಚು ಇನ್ನೊಂದು ಕಡೆ ಉಳಿದುಬಿಡುವುದು ತೀರಾ ಸಾಮಾನ್ಯ.

‘ನೆಸ್ಟಿಂಗ್’ ಅನ್ನು ‘ಪೇರಿಸುವ’ ಎನ್ನಬಾರದು. ಪೇರಿಸುವುದು ಒಂದರ ಮೇಲೊಂದು, ಅದು ಕುರ್ಚಿಗೆ ಸರಿ. ಮೇಜಿನ ಹಲಗೆ ಮೇಲಕ್ಕೆ ಮಗುಚಿ ಒಂದರೊಳಗೊಂದು ಸೇರುತ್ತದೆ, ಹಾಗಾಗಿ ‘ಒಳಸೇರುವ ಮೇಜು’. 600 ಮಿಮೀ ಆಳದ ಮೊದಲ ಮೇಜಿನ ನಂತರ ಪ್ರತಿಯೊಂದಕ್ಕೂ ಸುಮಾರು 180 ಮಿಮೀ ಹಿಡಿದರೆ ಎಂಟು ಮೇಜಿಗೆ 1,860 ಮಿಮೀ ಉದ್ದ ಸಾಕು. ಕುರ್ಚಿ ಹತ್ತರಂತೆ ಪೇರಿಸಿದರೆ ಅರವತ್ತಕ್ಕೆ ಆರು ಪೇರಿಕೆ. ಇವನ್ನೆಲ್ಲ ಇಡುವ ದಾಸ್ತಾನು ಕೋಣೆಯನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಬೇಕು. ಬಾಗಿಲು ಟ್ರಾಲಿಗಿಂತ ಕಿರಿದಾದರೆ ಯಾರೂ ಒಳಗಿಡುವುದಿಲ್ಲ, ಕುರ್ಚಿಗಳು ಕಾರಿಡಾರಿನಲ್ಲೇ ಉಳಿಯುತ್ತವೆ.

‘ಫ್ಲೋರ್ ಬಾಕ್ಸ್’ಗೆ ‘ನೆಲದ ಪ್ಲಗ್ ಪೆಟ್ಟಿಗೆ’ ಸಾಕು. ಅದನ್ನು ಅಡ್ಡಗೋಡೆಯ ಸಾಲಿನ ಕೆಳಗೆ ಮಾತ್ರ ಕೂರಿಸಬೇಡಿ. ಪ್ಯಾನೆಲ್ಲಿನಿಂದ ಕೆಳಗಿಳಿಯುವ ರಬ್ಬರ್ ಪಟ್ಟಿ ಪೆಟ್ಟಿಗೆಯ ಅಂಚಿನಲ್ಲಿ ನೆಲಕ್ಕೆ ಸರಿಯಾಗಿ ಕೂರದೆ, ಸದ್ದು ಅಲ್ಲಿಂದಲೇ ಸೋರುತ್ತದೆ.