ಒಂದೇ ಕಾರ್ಡಿಗೆ ರೇಡ್ ಡಿಸ್ಕೂ ಬಿಡಿ ಡಿಸ್ಕೂ ಹಚ್ಚಬಹುದೇನ್ರಿ?

ಮದುವಿ ವಿಡಿಯೋದಾಂವ, ಕಲಬುರಗಿ
ನಮಸ್ಕಾರ್ರಿ ಎಲ್ಲಾರಿಗೂ. ಸೂಪರ್ ಮಾರ್ಕೆಟ್ ಕಡೆ ನಂದೊಂದು ಸಣ್ಣ ಸ್ಟುಡಿಯೋ ಅದ. ಸೆಕೆಂಡ್‌ಹ್ಯಾಂಡ್ ಎಲ್‌ಎಸ್‌ಐ 9260-8ಐ ರೇಡ್ ಕಾರ್ಡ್ (ಡಿಸ್ಕ್‌ಗಳ್ನ ಕೂಡ್ಸಿ ಒಂದೇ ಡಿಸ್ಕಿನಂಗ ನಡಸೋದು) ತರ್ಸಿ, ಹೊಸಾ 4 ಟಿಬಿ ಡಿಸ್ಕ್ ಎರಡು ಹಾಕಿ ರೇಡ್ 1 (ಎರಡೂ ಡಿಸ್ಕಿನಾಗ ಒಂದೇ ಡೇಟಾ) ಮಾಡೀನಿ, ಅದು ಛಲೋ ನಡದದ. ಈಗ ಹಳೇ ಮದುವಿ ಫೂಟೇಜ್ ಇರೋ 2 ಟಿಬಿ ಡಿಸ್ಕ್ ಎರಡು ಅದೇ ಕಾರ್ಡಿನ ಕೇಬಲ್ಲಿಗೆ ಹಚ್ಚಿದ್ರ ವಿಂಡೋಸ್‌ನಾಗ ಕಾಣವಲ್ವು. ಬೂಟ್ ಆಗೋಮುಂದ ಕಂಟ್ರೋಲ್ ಎಚ್ ಒತ್ತಿ ಕಾರ್ಡಿನ ಸೆಟಪ್ ಒಳಗ ಹೋದ್ರ ಎರಡೂ ಅವ, ಬಾಜೂಕ ಅನ್‌ಕಾನ್ಫಿಗರ್ಡ್ ಗುಡ್ (ಡಿಸ್ಕ್ ಛಲೋ ಅದ, ಇನ್ನೂ ಬಳಕೀಗೆ ಹಚ್ಚಿಲ್ಲ) ಅಂತ ಬರದದ. ವರ್ಚುವಲ್ ಡ್ರೈವ್ (ಕಾರ್ಡು ವಿಂಡೋಸಿಗೆ ತೋರ್ಸೋ ಡಿಸ್ಕ್) ಮಾಡಿದ್ರ ಬರ್ತಾವೇನು? ಡೇಟಾ ಹೋದ್ರ ಮದುವಿ ಮಂದಿ ನನ್ನ ಬಿಡಂಗಿಲ್ಲ.

ಬೀದರ್ ಸಿಸ್ಟಮ್ ರಿಪೇರಿ
ಏನೂ ಒತ್ತಬ್ಯಾಡ್ರಿ ಅಣ್ಣಾ, ಮೊದಲ ಆ ಎರಡೂ ಡಿಸ್ಕ್ ಬಿಚ್ಚ್ರಿ! ಆ ಕಾರ್ಡು ಬಿಡಿ ಡಿಸ್ಕನ್ನ ಇದ್ದಂಗ ವಿಂಡೋಸಿಗೆ ಕೊಡಂಗಿಲ್ಲ, ಒಂದೊಂದಕ್ಕೂ ಒಂಟಿ ರೇಡ್ 0 (ಒಂದೇ ಡಿಸ್ಕಿನ ವರ್ಚುವಲ್ ಡ್ರೈವ್) ಮಾಡ್ಬೇಕಾಗ್ತದ. ಅಲ್ಲಿ ಫಾಸ್ಟ್ ಇನಿಶಿಯಲೈಸ್ ಅಂತ ಕೇಳ್ತದ, ಹೂಂ ಅಂದ್ರಿ ಅಂದ್ರ ಡಿಸ್ಕಿನ ಮೊದಲಿನ ಭಾಗ ಒರಸಿ ಹೋಗ್ತದ, ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲದ ಅನ್ನೋ ಪಟ್ಟಿ) ಇರೋದೇ ಅಲ್ಲಿ. ಮತ್ತ ಕಾರ್ಡು ತನ್ನ ಲೆಕ್ಕಪತ್ರ ಡಿಸ್ಕಿನ ಕೊನೀಗೆ ಬರದು ಇಡ್ತದ, ನಾಳೆ ಕಾರ್ಡ್ ಸತ್ರ ಅದೇ ಜಾತೀದು ಇನ್ನೊಂದು ಹುಡುಕಿ ಫಾರಿನ್ ಕಾನ್ಫಿಗರೇಷನ್ (ಹಳೇ ಕಾರ್ಡು ಬರದ ಲೆಕ್ಕಪತ್ರ) ಇಂಪೋರ್ಟ್ ಮಾಡೋದು, ಯಾರಿಗೆ ಬೇಕು ಆ ತಲಿನೋವು. ಮದರ್‌ಬೋರ್ಡಿನ ಸಾಟಾ ಪೋರ್ಟ್ ಖಾಲಿ ಇದ್ರ ಅಲ್ಲೇ ಹಚ್ಚ್ರಿ.

ಯಾದಗಿರಿ ಹುಡುಗ
ಅಣ್ಣಾರ್ ಹೇಳಿದ್ದು ತುಂಬಿದ ಡಿಸ್ಕಿಗೆ ಖರೇ. ಆದ್ರ ಖಾಲಿ ಡಿಸ್ಕ್ ಇದ್ರ ಒಂಟಿ ರೇಡ್ 0 ಮಾಡಿ ಬಳಸ್ಲಿಕ್ಕೆ ಅಡ್ಡಿ ಇಲ್ಲ, ನಂದು ಹಂಗೇ ನಡದದ, ಬಾಜೂಕ ರೇಡ್ 1 ಇದ್ರೂ ಒಂದಕ್ಕೊಂದು ಜಗಳ ಇಲ್ಲ. ಎರಡೂ ನಮೂನಿ ಒಂದೇ ಕಾರ್ಡಿನಾಗ ನೇರ ಬೇಕಂದ್ರ 9211-8ಐ ಕಾರ್ಡ್ ನೋಡ್ರಿ, ಐಆರ್ ಫರ್ಮ್‌ವೇರ್ (ಕಾರ್ಡಿನ ಒಳಗಿನ ರೇಡ್ ಮಾಡೋ ಸಾಫ್ಟ್‌ವೇರ್) ಇದ್ರ ರೇಡ್ 1 ಮಾಡಿ ಉಳದ ಡಿಸ್ಕ್ ಇದ್ದಂಗೇ ಕೊಡ್ತದ, ರೇಡ್ 5 (ಮೂರು ಇಲ್ಲಾ ಹೆಚ್ಚು ಡಿಸ್ಕಿಂದು) ಮಾತ್ರ ಇಲ್ಲ.

ಇನ್ನೊಂದು, ಈ ಕಾರ್ಡುಗಳು ಸರ್ವರ್‌ನಾಗಿನ ಜೋರ್ ಗಾಳಿಗೆ ಮಾಡಿದ್ವು. ನಮ್ಮ ಕಡಿ ಮೇ ತಿಂಗಳ ಬಿಸಲಾಗ ಅದರ ಹೀಟ್‌ಸಿಂಕ್ ಮುಟ್ಟಿದ್ರ ಬೆರಳಿಗೆ ಚುರ್ ಅಂತದ, ನಾ ಸಣ್ಣ ಫ್ಯಾನ್ ಒಂದು ಝಿಪ್ ಟೈ ಹಾಕಿ ಕಟ್ಟೀನಿ.

ಮದುವಿ ವಿಡಿಯೋದಾಂವ, ಕಲಬುರಗಿ
ಬಿಚ್ಚಿದೆ ರೀ. ಬೋರ್ಡಿನಾಗ ಒಂದೇ ಪೋರ್ಟ್ ಖಾಲಿ ಇತ್ತು, ಇನ್ನೊಂದಕ್ಕ ಡಿವಿಡಿ ಡ್ರೈವ್ ಕಿತ್ತೆ, ಈಗೆಲ್ಲಾ ಮಂದಿ ಪೆನ್‌ಡ್ರೈವೇ ಕೇಳ್ತಾರ. ಎರಡೂ ಡಿಸ್ಕ್ ಬಂದ್ವು, ಫೋಲ್ಡರ್ ಎಲ್ಲಾ ಇದ್ದಂಗೇ ಅವ, ಜೀವ ಬಂದಂಗಾತು! ಕಾರ್ಡಿನ ಜೊತಿ ಕ್ಯಾಶ್ (ಕಾರ್ಡಿನ ಮೆಮೊರಿ) ಕಾಯೋ ಬ್ಯಾಟರಿ ಬಂದಿಲ್ಲ, ನಡೀತದೇನು?

ಬೀದರ್ ಸಿಸ್ಟಮ್ ರಿಪೇರಿ
ನಡೀತದ, ಆದ್ರ ಕ್ಯಾಶ್ ರೈಟ್-ಥ್ರೂ (ಡಿಸ್ಕಿಗೆ ಬರದ ಮ್ಯಾಲೇ ಮುಗೀತು ಅನ್ನೋದು) ಇಡ್ರಿ. ಸ್ಪೀಡ್ ಕಮ್ಮಿ ಆಗ್ತದ ಅಂತ ರೈಟ್-ಬ್ಯಾಕ್ (ಮೊದಲ ಕ್ಯಾಶಿಗೆ, ಆಮ್ಯಾಲ ಡಿಸ್ಕಿಗೆ) ಹಚ್ಚಿದ್ರಿ, ನಡುವ ಕರೆಂಟ್ ಹೋತು ಅಂದ್ರ ಕ್ಯಾಶಿನಾಗ ಇದ್ದದ್ದು ಡಿಸ್ಕಿಗೆ ಮುಟ್ಟಂಗೇ ಇಲ್ಲ. ಮತ್ತ ರೇಡ್ 1 ಅದ ಅಂತ ಹಳೇ ಡಿಸ್ಕ್ ಖಾಲಿ ಮಾಡಬ್ಯಾಡ್ರಿ, ತಪ್ಪಿ ಡಿಲೀಟ್ ಒತ್ತಿದ್ರ ಎರಡರಾಗಿಂದೂ ಒಮ್ಮಿಗೇ ಹೋಗ್ತದ.

ಮದುವಿ ವಿಡಿಯೋದಾಂವ, ಕಲಬುರಗಿ
ಆತ್ರಿ, ಇಬ್ಬರಿಗೂ ಶರಣು. ಡಿವಿಡಿ ಡ್ರೈವ್ ಯಾರಿಗರೆ ಬೇಕಂದ್ರ ಹೇಳ್ರಿ, ಪುಕ್ಕಟೆ ಕೊಡ್ತೀನಿ.