ರೇಜ್‌ನಲ್ಲಿರುವಾಗ ಸ್ಮೈಟ್ ಹೊಡೆಯಬಹುದಾ?

ಸರಸ್ವತಿಪುರಂ ದಾಳಗಾರ:
ಭಾನುವಾರ ಗೆಳೆಯರ ಮನೆ ಮಹಡಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕಿ ಪಾತ್ರಗಳನ್ನು ಆಡಿಸುವ ಕಥೆಯ ಆಟ) ಆಡುವಾಗ ಜಗಳವೇ ಆಯಿತು. 2014ರ ರೂಲ್ಸ್‌ನಲ್ಲಿ ಶುರುವಾದ ಆಟ. ನನ್ನ ಪಾತ್ರ ಒಂದೇ, ಅದರಲ್ಲಿ ಮೂರು ಲೆವೆಲ್ ಬಾರ್ಬೇರಿಯನ್ (ಸಿಟ್ಟಿನ ಕಾದಾಳು), ಎರಡು ಲೆವೆಲ್ ಪ್ಯಾಲಡಿನ್ (ದೇವರ ಶಕ್ತಿಯ ಯೋಧ). ರೇಜ್‌ನಲ್ಲಿ (ಬಾರ್ಬೇರಿಯನ್‌ನ ಉಗ್ರ ಸಿಟ್ಟು) ಓಗರ್ ಅನ್ನೋ ರಾಕ್ಷಸನ ಮೇಲೆ ಕೊಡಲಿ ಬೀಸಿದೆ. ದಾಳದಲ್ಲಿ 20 ಬಿತ್ತು, ಕ್ರಿಟಿಕಲ್! ಓಗರ್‌ಗೆ 20 ಪಾಯಿಂಟ್ ಪ್ರಾಣ ಉಳಿದಿತ್ತು, ಕೊಡಲಿಗೆ 17 ಹೋಯಿತು. ಬಾಕಿ ಮೂರಕ್ಕೆ ಡಿವೈನ್ ಸ್ಮೈಟ್ (ಏಟಿಗೆ ದೇವರ ಶಕ್ತಿ ಸೇರಿಸುವ ಪ್ಯಾಲಡಿನ್ ವಿದ್ಯೆ) ಅಂದೆ. "ರೇಜ್‌ನಲ್ಲಿ ಸ್ಪೆಲ್ (ಮಂತ್ರ) ಹಾಕೋ ಹಾಗಿಲ್ಲ" ಅಂತ ಡಿಎಂ (ಆಟ ನಡೆಸುವವರು) ತಡೆದರು. ಮುಂದಿನ ಸರದಿಗೆ ಓಗರ್ ನಮ್ಮ ತಂಡದ ಪೂಜಾರಿ ಪಾತ್ರ ಕ್ಲೆರಿಕ್‌ನನ್ನು ಮಲಗಿಸಿತು. ಯಾರು ಸರಿ ಹೇಳಿ.

ಮಂಡ್ಯದ ಮಂತ್ರವಾದಿ:
ನೀವೇ ಸರಿ ಗುರು. ರೇಜ್ ತಡೆಯುವುದು ಎರಡನ್ನೇ: ಸ್ಪೆಲ್ ಹಾಕುವುದು, ಹಾಕಿದ ಸ್ಪೆಲ್ ಮೇಲೆ ಕಾನ್ಸಂಟ್ರೇಷನ್ (ಅದು ಮುಂದುವರಿಯಲು ಬೇಕಾದ ಗಮನ) ಇಟ್ಟುಕೊಳ್ಳುವುದು. 2014ರಲ್ಲಿ ಸ್ಮೈಟ್ ಸ್ಪೆಲ್ಲೇ ಅಲ್ಲ. ಏಟು ತಗುಲಿದ ಮೇಲೆ ಒಂದು ಸ್ಪೆಲ್ ಸ್ಲಾಟ್ (ಸ್ಪೆಲ್ ಹಾಕಲು ಇರುವ ಶಕ್ತಿಯ ಒಂದು ಪಾಲು) ಖರ್ಚು ಮಾಡುತ್ತೀರಿ, ಅಷ್ಟೇ. ಸ್ಲಾಟ್ ಸೀಮೆಎಣ್ಣೆ ಇದ್ದ ಹಾಗೆ, ಸ್ಪೆಲ್ ಸ್ಟೌ ಇದ್ದ ಹಾಗೆ. ಅದೇ ಎಣ್ಣೆಯಲ್ಲಿ ಲಾಟೀನು ಉರಿಸಿದರೆ ಸ್ಟೌ ಹಚ್ಚಿದ ಹಾಗಾಗುತ್ತಾ?

ಒಂಟಿಕೊಪ್ಪಲು ಓದುಗ:
ಲಾಟೀನು ಚೆನ್ನಾಗಿದೆ, ಆದರೆ ಒಪ್ಪಲ್ಲ. ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಸಿಟ್ಟಿನಲ್ಲಿರುವವನು ದೇವರ ಶಕ್ತಿಯನ್ನು ಹೇಗೆ ಕರೆಯುತ್ತಾನೆ? ರೂಲ್‌ನ ಉದ್ದೇಶವನ್ನೂ ನೋಡಬೇಕಲ್ವಾ?

ಮಂಡ್ಯದ ಮಂತ್ರವಾದಿ:
ದೇವರು ಮೈಮೇಲೆ ಬಂದವರನ್ನು ಜಾತ್ರೆಯಲ್ಲಿ ನೋಡಿಲ್ವಾ ಸ್ವಾಮಿ? ಅವರು ಶಾಂತವಾಗಿ ಕೂತಿರುತ್ತಾರಾ? 😄 ಉದ್ದೇಶ ಅಂತ ಹೊರಟರೆ ಪ್ರತಿ ಏಟಿಗೂ ಪಂಚಾಯಿತಿ ಸೇರಿಸಬೇಕು. ಬರೆದಿರುವುದನ್ನು ಓದಿ.

ಕತ್ತಲ ಕಳ್ಳಿ:
ಇಬ್ಬರೂ ಸ್ವಲ್ಪ ತಡೀರಿ. 2024ರ ಹೊಸ ರೂಲ್ಸ್‌ನಲ್ಲಿ ಸ್ಮೈಟ್ ಅನ್ನು ಸ್ಪೆಲ್ ಮಾಡಿಬಿಟ್ಟಿದ್ದಾರೆ. ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಚಿಕ್ಕ ಹೆಚ್ಚುವರಿ ಕೆಲಸ) ಬೇರೆ ಬೇಕು. ಹಾಗಾಗಿ ಹೊಸದರಲ್ಲಿ ರೇಜ್ ಜೊತೆ ಅದು ನಡೆಯಲ್ಲ. ನಿಮ್ಮ ಡಿಎಂ ಯಾವ ಪುಸ್ತಕ ಹಿಡಿದಿದ್ದರು?

ಅಂದಹಾಗೆ, ರೇಜ್ ಜೊತೆ ನನ್ನ ಕಳ್ಳ ಪಾತ್ರ ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚಿನ ಏಟಿಗೆ ಸಿಗುವ ಹೆಚ್ಚುವರಿ ಡ್ಯಾಮೇಜ್) ಚೆನ್ನಾಗಿ ಕೂಡುತ್ತದೆ. ಸ್ನೀಕ್ ಅಟ್ಯಾಕ್‌ಗೆ ಫಿನೆಸ್ ಆಯುಧ (ಚುರುಕಿನಿಂದಲೋ ಬಲದಿಂದಲೋ ಹೊಡೆಯಬಹುದಾದದ್ದು) ಅಥವಾ ದೂರದಿಂದ ಹೊಡೆಯುವ ಆಯುಧ ಇರಬೇಕು ಅಷ್ಟೇ, ಡೆಕ್ಸ್‌ಟೆರಿಟಿಯಿಂದಲೇ (ಚುರುಕು) ಹೊಡೆಯಬೇಕು ಅಂತಿಲ್ಲ. ಫಿನೆಸ್ ಕತ್ತಿಯಾದ ರೇಪಿಯರ್ ಹಿಡಿದು ಸ್ಟ್ರೆಂಗ್ತ್‌ನಿಂದ (ಬಲ) ಹೊಡೆದರೆ ರೇಜ್‌ನ ಹೆಚ್ಚುವರಿ ಡ್ಯಾಮೇಜ್ ಸಿಗುತ್ತದೆ. ಬಾರ್ಬೇರಿಯನ್‌ನ ರೆಕ್‌ಲೆಸ್ ಅಟ್ಯಾಕ್‌ನ (ಹಿಂದೆಮುಂದೆ ನೋಡದ ಏಟು) ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಸಿಗುತ್ತದೆ. ಆ ಅಡ್ವಾಂಟೇಜ್‌ನಿಂದ ಸ್ನೀಕ್ ಅಟ್ಯಾಕ್ ಕೂಡ. ಇನ್ನೊಂದು: ಸ್ನೀಕ್ ಅಟ್ಯಾಕ್ 'ಟರ್ನ್'ಗೆ (ಒಬ್ಬರ ಸರದಿ) ಒಂದು, 'ರೌಂಡ್'ಗೆ (ಎಲ್ಲರ ಸರದಿಯ ಒಂದು ಸುತ್ತು) ಒಂದಲ್ಲ. ಶತ್ರು ಅವನ ಟರ್ನ್‌ನಲ್ಲಿ ಓಡಿಹೋದರೆ ರಿಯಾಕ್ಷನ್‌ನಲ್ಲಿ (ಬೇರೆಯವರ ಟರ್ನ್‌ನಲ್ಲಿ ಕೊಡುವ ಏಟು) ಮತ್ತೆ ಹಾಕಬಹುದು. ಇದನ್ನು ಒಪ್ಪಿಸೋಕೆ ನನಗೆ ಮೂರು ಭಾನುವಾರ ಬೇಕಾಯಿತು.

ಶ್ರೀರಂಗಪಟ್ಟಣದ ಕವಡೆ:
ಇದೆಲ್ಲ ನೋಡಿದರೆ ಚೌಕಾಬಾರ ನೆನಪಾಗುತ್ತೆ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗೋ ಹಾಗಿಲ್ಲ ಅಂತ ನಮ್ಮಜ್ಜಿ ಕಟ್ಟುನಿಟ್ಟು. ಅವರಿಗೇ ಬಾರ ಬಿದ್ದಾಗ ಮಾತ್ರ ಆ ರೂಲ್ ಮರೆತುಹೋಗುತ್ತಿತ್ತು.

ಮಹಡಿ ಡಿಎಂ:
ಆ ಡಿಎಂ ನಾನೇ. ಕೈಯಲ್ಲಿದ್ದದ್ದು ಹೊಸ ಪುಸ್ತಕ, ಆಡುತ್ತಿದ್ದದ್ದು ಹಳೇ ಆಟ. ತಪ್ಪು ನನ್ನದೇ. ಆದರೆ ಸ್ಮೈಟ್ ಹಾಕಿದ್ದರೂ ಓಗರ್ ಉಳಿಯುತ್ತಿತ್ತೇನೋ, ಯಾರಿಗೆ ಗೊತ್ತು?

ಕತ್ತಲ ಕಳ್ಳಿ:
ಲೆಕ್ಕ ಹಾಕಿ. ಫಸ್ಟ್ ಲೆವೆಲ್ ಸ್ಲಾಟ್‌ಗೆ ಎಂಟು ಮುಖದ ಎರಡು ದಾಳ. ಕ್ರಿಟಿಕಲ್‌ನಲ್ಲಿ ಸ್ಮೈಟ್ ದಾಳಗಳೂ ದುಪ್ಪಟ್ಟು, ಅಂದರೆ ನಾಲ್ಕು. ನಾಲ್ಕಕ್ಕೂ ಒಂದೊಂದೇ ಬಿದ್ದರೂ ನಾಲ್ಕು ಪಾಯಿಂಟ್. ಓಗರ್‌ಗೆ ಇದ್ದದ್ದು ಮೂರು.

ಮಹಡಿ ಡಿಎಂ:
😶

ಸರಸ್ವತಿಪುರಂ ದಾಳಗಾರ:
ಮುಂದಿನ ಭಾನುವಾರ ಕ್ಲೆರಿಕ್ ಎದ್ದು ಕೂತಿರಬೇಕು. ಬೋಂಡಾ ಖರ್ಚೂ ನಿಮ್ಮದೇ.