ರೂಟ್ ಕೆನಾಲ್ ಆದ ಹಲ್ಲಿಗೆ ಯಾವ ಕ್ಯಾಪ್: ಜಿರ್ಕೋನಿಯಾವೋ, ಇ-ಮ್ಯಾಕ್ಸೋ, ಮೆಟಲ್ ಸೆರಾಮಿಕ್ಕೋ?

ಬ್ರಹ್ಮಾವರದಿಂದ:
ಎಲ್ಲರಿಗೂ ನಮಸ್ಕಾರ. ನನ್ನ ಕೆಳಗಿನ ಎಡಬದಿಯ ದವಡೆ ಹಲ್ಲಿಗೂ ಮೇಲಿನ ಕೋರೆಹಲ್ಲಿನ ಹಿಂದಿನ ಹಲ್ಲಿಗೂ ರೂಟ್ ಕೆನಾಲ್ ಮುಗಿದಿದೆ. ಮೇಲಿನದು ನಕ್ಕಾಗ ಕಾಣುತ್ತದೆ, ಅದು ಒಳಗಿನಿಂದ ಕಪ್ಪಾಗಿದೆ. ಕ್ಯಾಪ್ ಒಂದಕ್ಕೆ ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಮೆಟಲ್ ಸೆರಾಮಿಕ್ ಆದರೆ 4,500, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್ ಆದರೆ 11,000, ಇ-ಮ್ಯಾಕ್ಸ್ ಎಂಬ ಗಾಜಿನ ಅಂಶದ ಸೆರಾಮಿಕ್ ಆದರೆ 12,500 ರೂಪಾಯಿ ಎಂದು ಉಡುಪಿಯ ನಮ್ಮ ಡಾಕ್ಟರು ತಿಳಿಸಿ, ಆಯ್ಕೆಯನ್ನು ನನಗೇ ಬಿಟ್ಟಿದ್ದಾರೆ. ಹಾಕಿಸಿಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಸುರತ್ಕಲ್‌ನಿಂದ:
ಜಿರ್ಕೋನಿಯಾ ಹಾಕಿಸಿ, ಬೇರೆ ಯೋಚನೆಯೇ ಬೇಡ. ನನ್ನ ದವಡೆ ಹಲ್ಲಿಗೆ ಮೊದಲು ಹಾಕಿದ್ದು ಮೆಟಲ್ ಸೆರಾಮಿಕ್. ಬಂಧುಗಳ ಮನೆಯಲ್ಲಿ ಕೋರಿ ರೊಟ್ಟಿ ತಿನ್ನುವಾಗ ಕೋಳಿಯ ಎಲುಬಿನ ಚೂರು ಹಲ್ಲಿಗೆ ಸಿಕ್ಕಿ, ಕ್ಯಾಪಿನ ಹೊರಬದಿಯ ಪಿಂಗಾಣಿ ಅಕ್ಕಿಕಾಳಿನಷ್ಟು ಎದ್ದುಬಂತು. ಒಳಗಿನ ಬೂದುಬಣ್ಣದ ಲೋಹ ಕಾಣತೊಡಗಿತು, ಹರಿತವಾದ ಅಂಚು ಕೆನ್ನೆಯ ಒಳಭಾಗವನ್ನು ಗೀರಿ ಹುಣ್ಣು ಮಾಡಿತು. ಆ ಕ್ಯಾಪಿಗೆ ಕೊಟ್ಟಿದ್ದ 4,000 ರೂಪಾಯಿ ಹೋದದ್ದು ಹೋಯಿತು. ಅದನ್ನು ಕತ್ತರಿಸಿ ತೆಗೆಯಲು 800, ಎಕ್ಸ್‌ರೇಗೆ 300, ಒಳಗಿನ ಹಲ್ಲನ್ನು ಮತ್ತೆ ಕಟ್ಟಲು 1,500, ಹೊಸ ಜಿರ್ಕೋನಿಯಾಕ್ಕೆ 12,000, ಹೀಗೆ ಎರಡನೆಯ ಸಲ 14,600 ರೂಪಾಯಿ ಎಣಿಸಿಕೊಟ್ಟೆ. ಮೊದಲೇ ಇದನ್ನು ಸೂಚಿಸದ ಡಾಕ್ಟರ ಮೇಲೆ ಇಂದಿಗೂ ಸಿಟ್ಟಿದೆ.

ಈಗಿನ ಕ್ಯಾಪ್ ಇಡಿಯಾಗಿ ಒಂದೇ ವಸ್ತುವಿನಿಂದ ಕೊರೆದದ್ದು, ಮೇಲೆ ಪಿಂಗಾಣಿಯ ಪದರವೇ ಇಲ್ಲದ್ದರಿಂದ ಎದ್ದುಬರುವ ಮಾತಿಲ್ಲ. ಜಿರ್ಕೋನಿಯಾದಲ್ಲಿ ಬಿರುಕು ಹುಟ್ಟಿದರೆ ಅದರ ತುದಿಯಲ್ಲಿರುವ ಹರಳುಗಳು ರೂಪ ಬದಲಿಸಿ ಸುಮಾರು ಶೇಕಡಾ 4ರಷ್ಟು ಉಬ್ಬುತ್ತವೆ, ಆ ಒತ್ತಡಕ್ಕೆ ಬಿರುಕು ಮುಂದುವರಿಯಲಾರದೆ ನಿಲ್ಲುತ್ತದೆ. 1975ರಲ್ಲಿ ಈ ಗುಣವನ್ನು ಪ್ರಕಟಿಸಿದ ವಿಜ್ಞಾನಿಗಳು ತಮ್ಮ ಲೇಖನದ ಶೀರ್ಷಿಕೆಯಲ್ಲೇ ಇದನ್ನು ಸೆರಾಮಿಕ್ ಉಕ್ಕು ಎನ್ನಬಹುದೇ ಎಂದು ಕೇಳಿದ್ದರು. ಈಗ ನಾನು ಚಕ್ಕುಲಿಯನ್ನೂ ಎಲುಬನ್ನೂ ಅದೇ ಬದಿಯಲ್ಲಿ ಅಗಿಯುತ್ತೇನೆ.

ಕದ್ರಿಯಿಂದ:
ನಿಮ್ಮ ಕ್ಯಾಪ್ ಗಟ್ಟಿಯಾಗಿದೆ ಸರಿ, ಅದರ ಎದುರಿಗಿರುವ ಹಲ್ಲು ಹೇಗಿದೆ ಎಂದು ಒಮ್ಮೆಯಾದರೂ ತೋರಿಸಿದ್ದೀರಾ? ನನ್ನ ಕೆಳಗಿನ ದವಡೆಗೆ 11,000 ರೂಪಾಯಿಯ ಜಿರ್ಕೋನಿಯಾ ಅಂಟಿಸಿದ ಮೇಲೆ ಕಚ್ಚುವಾಗ ಅದು ಎತ್ತರವಾಯಿತು. ಡಾಕ್ಟರು ಬಾಯೊಳಗೇ ಬರ್ (ಹಲ್ಲು ಕೊರೆಯುವ ಯಂತ್ರದ ತಿರುಗುವ ಮೊನೆ) ಹಿಡಿದು ಉಜ್ಜಿ, ಸರಿಯಾಯಿತು ಎಂದು ಕಳುಹಿಸಿದರು. ನಾಲಿಗೆ ಆಡಿಸಿದರೆ ಉಜ್ಜಿದ ಜಾಗ ಉಪ್ಪುಕಾಗದದ ಹಾಗೆ ತರಿತರಿಯಾಗಿತ್ತು. ಮೇಲಿನ ನನ್ನ ಸ್ವಂತ ಹಲ್ಲು ಮೆಲ್ಲನೆ ಸವೆದು, ತಣ್ಣನೆಯ ಮಜ್ಜಿಗೆ ಬಾಯಿಗಿಟ್ಟರೆ ನೆತ್ತಿಯವರೆಗೆ ಜುಮ್ಮೆನ್ನುವಂತಾಗಿ, ಕೊನೆಗೆ ಹುಳುಕೇ ಇಲ್ಲದ ಆ ಹಲ್ಲಿಗೂ 6,000 ಕೊಟ್ಟು ರೂಟ್ ಕೆನಾಲ್ ಮಾಡಿಸಬೇಕಾಯಿತು.

ಜಿರ್ಕೋನಿಯಾವನ್ನು ತೆಗೆಸಲು ಬೇರೆ ಡಾಕ್ಟರಲ್ಲಿಗೆ ಹೋದೆ. ವಜ್ರದ ಪುಡಿ ಲೇಪಿಸಿದ ಬರ್‌ಗಳು ಒಂದಾದ ಮೇಲೊಂದು ಮೊಂಡಾಗುತ್ತಿದ್ದವು, ನೀರು ಹೊಡೆಯುತ್ತಲೇ ಇರಬೇಕು, ಬಾಯಿ ತೆರೆದೇ ಇರಬೇಕು. ಬರಿಯ ಅಷ್ಟಕ್ಕೇ 2,500 ರೂಪಾಯಿ. ಹತ್ತು ವರ್ಷದ ವಾರಂಟಿ ಕಾರ್ಡನ್ನು ತೋರಿಸಿದರೆ, ಕ್ಯಾಪ್ ಮುರಿದಿಲ್ಲವಲ್ಲ, ಎದುರು ಹಲ್ಲು ಸವೆದದ್ದಕ್ಕೆ ವಾರಂಟಿ ಇಲ್ಲ ಎಂದರು. ಈಗ ಕೆಳಗೂ ಮೇಲೂ ಇ-ಮ್ಯಾಕ್ಸ್, ತಲಾ 14,000. ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ಆರಿಸಲು ಬಿಡದೆ ಕಿಟಕಿಯ ಬಳಿಯೇ ಆರಿಸಬೇಕೆಂದು ಪಟ್ಟು ಹಿಡಿದೆ, ಯಾವುದು ಕ್ಯಾಪ್ ಎಂದು ಮನೆಯವರಿಗೂ ಗೊತ್ತಾಗುವುದಿಲ್ಲ.

ಸುರತ್ಕಲ್‌ನಿಂದ:
ಕದ್ರಿಯ ಮೇಡಂ, ಉಜ್ಜಿದ ಮೇಲೆ ಪಾಲಿಶ್ ಮಾಡದೆ ಕಳುಹಿಸಿದ್ದು ನಿಮ್ಮ ಡಾಕ್ಟರು, ಜಿರ್ಕೋನಿಯಾ ಅಲ್ಲ. ಕನ್ನಡಿಯಂತೆ ಪಾಲಿಶ್ ಆದ ಜಿರ್ಕೋನಿಯಾ ಎದುರು ಹಲ್ಲನ್ನು ಸವೆಸುವುದು ಮೆಟಲ್ ಸೆರಾಮಿಕ್ಕಿನ ಪಿಂಗಾಣಿಗಿಂತ ಕಡಿಮೆ ಎಂದು ಪರೀಕ್ಷೆಗಳಲ್ಲೇ ಕಂಡುಬಂದಿದೆ. ಒಬ್ಬರ ಕೈತಪ್ಪಿಗೆ ಇಡೀ ವಸ್ತುವನ್ನೇ ದೂರಿ, ಕೇಳಿದವರನ್ನು ಹೆದರಿಸುವುದು ಸರಿಯಲ್ಲ.

ಕದ್ರಿಯಿಂದ:
ಹೆದರಿಸಲು ನನಗೇನು ಲಾಭ ಮಾರಾಯರೇ? ಪಾಲಿಶ್ ಆಗಿದೆಯೋ ಇಲ್ಲವೋ ಎಂದು ಕುರ್ಚಿಯಲ್ಲಿ ಮಲಗಿದ ರೋಗಿ ಹೇಗೆ ನೋಡುವುದು? ಹಣವೂ ನನ್ನದೇ, ನೋವೂ ನನ್ನದೇ.

ಮಣಿಪಾಲದಿಂದ:
ನಾನು ಡೆಂಟಲ್ ಲ್ಯಾಬಿನಲ್ಲಿ ಸೆರಾಮಿಕ್ ಕೆಲಸ ಮಾಡುವವನು. ಎರಡೂ ಕಡೆಯವರು ಜಿರ್ಕೋನಿಯಾ ಎಂದರೆ ಒಂದೇ ಎಂಬಂತೆ ವಾದಿಸುತ್ತಿರುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡ್ 3 ಮೋಲ್ ಶೇಕಡಾ (ಅಣುಗಳ ಲೆಕ್ಕದಲ್ಲಿ ನೂರಕ್ಕೆ ಮೂರು) ಬೆರೆತ ಜಿರ್ಕೋನಿಯಾ ಮುರಿಯದೆ ತಾಳುವ ಬಲ 1,000 ಮೆಗಾಪಾಸ್ಕಲ್ ಆಸುಪಾಸಿನಲ್ಲಿರುತ್ತದೆ, ಆದರೆ ಅದು ಬೆಳಕನ್ನು ಒಳಬಿಡದೆ ಸಪ್ಪೆ ಬಿಳಿಯಾಗಿ ಕಾಣುತ್ತದೆ. 5 ಮೋಲ್ ಶೇಕಡಾ ಬೆರೆತದ್ದು ನೋಡಲು ಚಂದ, ಮುಂದಿನ ಹಲ್ಲುಗಳಿಗೆ ಒಪ್ಪುತ್ತದೆ. ಅದರ ಬಲ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸುರತ್ಕಲ್‌ನವರು ವರ್ಣಿಸಿದ ಉಬ್ಬುವ ಗುಣವೂ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿಲ್ಲಿನಲ್ಲಿ ಎರಡಕ್ಕೂ ಜಿರ್ಕೋನಿಯಾ ಎಂದೇ ಬರೆಯುತ್ತಾರೆ. ನಾವು ಕ್ಯಾಪನ್ನು ಶೇಕಡಾ 20ರಿಂದ 25ರಷ್ಟು ದೊಡ್ಡದಾಗಿ ಕೊರೆಸಿ, 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಸುಟ್ಟು, ಕುಗ್ಗಿ ಅಳತೆಗೆ ಬಂದ ಮೇಲೆ ಹಂತಹಂತವಾಗಿ ಪಾಲಿಶ್ ಮಾಡಿ ಕಳುಹಿಸುತ್ತೇವೆ. ಆ ಹೊಳಪಿನ ಮೇಲೆ ಬರ್ ಆಡಿಸಿ ಹಾಗೆಯೇ ಬಿಟ್ಟರೆಂದು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಇ-ಮ್ಯಾಕ್ಸ್ ಎನ್ನುವುದು ಲಿಕ್ಟನ್‌ಸ್ಟೈನ್ ದೇಶದ ಇವೋಕ್ಲಾರ್ ಕಂಪನಿಯ ಲೀಥಿಯಂ ಡೈಸಿಲಿಕೇಟ್. ಕೊರೆಯುವಾಗ ಅದರ ಬ್ಲಾಕ್ ನೀಲಿಯಾಗಿರುತ್ತದೆ, 850 ಡಿಗ್ರಿ ಹತ್ತಿರ ಸುಟ್ಟಾಗಲೇ ಹಲ್ಲಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗುವುದು. ಬಲ 400 ಮೆಗಾಪಾಸ್ಕಲ್ ಸುತ್ತಮುತ್ತ. ಆದರೆ ಇದರಲ್ಲಿ ಗಾಜಿನ ಅಂಶವಿರುವುದರಿಂದ ಹೈಡ್ರೋಫ್ಲೋರಿಕ್ ಆಮ್ಲವನ್ನು 20 ಸೆಕೆಂಡು ಹಚ್ಚಿ ತೊಳೆದು, ಸಿಲೇನ್ ಎಂಬ ಅಂಟು ಹಿಡಿಸುವ ದ್ರವ ಬಳಿದು, ರೆಸಿನ್ ಸಿಮೆಂಟಿನಿಂದ ಅಂಟಿಸಿದರೆ ಹಲ್ಲಿನೊಂದಿಗೆ ಒಂದಾಗಿ ನಿಲ್ಲುತ್ತದೆ. ಜಿರ್ಕೋನಿಯಾಕ್ಕೆ ಆ ಆಮ್ಲ ಹಿಡಿಯುವುದಿಲ್ಲ. ಅಲ್ಯುಮಿನಾ ಪುಡಿಯನ್ನು ರಭಸದಿಂದ ಊದಿ ಒರಟು ಮಾಡಿ, ಅಂಟು ಹಿಡಿಯಲು ಬೇರೆ ಪ್ರೈಮರ್ ಹಚ್ಚಬೇಕು, ಇಲ್ಲವೇ ಕೊರೆದ ಹಲ್ಲು ಸಾಕಷ್ಟು ಎತ್ತರವಿದ್ದರೆ ಮಾಮೂಲಿ ಸಿಮೆಂಟೂ ನಡೆಯುತ್ತದೆ. ಇನ್ನು ವಾರಂಟಿಯ ಮಾತು: ಷರತ್ತು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಅದನ್ನು ಓದದೆ ಲ್ಯಾಬಿನವರನ್ನು ದೂರಬಾರದು.

ಕದ್ರಿಯಿಂದ:
ಓದಲು ಕೊಟ್ಟವರು ಯಾರು? ಕ್ಯಾಪ್ ಅಂಟಿಸಿ, ಹಣ ಎಣಿಸಿಕೊಂಡ ಮೇಲೆ ಕೈಗೆ ಬಂದ ಕಾರ್ಡು ಅದು. ಷರತ್ತನ್ನು ಮೊದಲೇ ತೋರಿಸಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಮೂಡುಬಿದಿರೆಯಿಂದ:
ಕದ್ರಿಯ ಅಕ್ಕ ಇ-ಮ್ಯಾಕ್ಸನ್ನು ಹೊಗಳಿದ್ದಕ್ಕೆ ನನ್ನ ಕಥೆಯನ್ನೂ ಹೇಳಲೇಬೇಕು. ಕೆಳಗಿನ ಕೊನೆಯ ದವಡೆಗೆ 13,500 ಕೊಟ್ಟು ಇ-ಮ್ಯಾಕ್ಸ್ ಹಾಕಿಸಿದ್ದೆ. ಕುಚ್ಚಲಕ್ಕಿ ಗಂಜಿಯಲ್ಲಿದ್ದ ಒಂದು ಸಣ್ಣ ಕಲ್ಲಿಗೆ ಅದು ನಡುವೆ ಸೀಳಿತು. ಅರ್ಧ ಕೈಗೆ ಬಂತು, ಇನ್ನರ್ಧ ಹಲ್ಲಿಗೇ ಅಂಟಿಕೊಂಡಿತ್ತು. ಡಾಕ್ಟರು ನೋಡಿ, ನೀವು ರಾತ್ರಿ ಹಲ್ಲು ಕಡಿಯುತ್ತೀರಿ, ಅದಕ್ಕೇ ಮುರಿದಿದೆ ಎಂದರು. ಹಲ್ಲು ಕಡಿಯುವ ಸದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಹೊಸ ಕ್ಯಾಪಿಗೆ ಅರ್ಧ ದರವೆಂದು 7,000, ನೈಟ್ ಗಾರ್ಡಿಗೆ 4,000, ಉಳಿದ ಅರ್ಧವನ್ನು ಕೊರೆದು ತೆಗೆಯಲು 1,000. ಮೊದಲಿನದನ್ನೂ ಸೇರಿಸಿದರೆ ಒಂದೇ ಹಲ್ಲಿಗೆ 25,500 ರೂಪಾಯಿ. ಬ್ರಹ್ಮಾವರದವರೇ, ದವಡೆಗೆ ಇ-ಮ್ಯಾಕ್ಸ್ ಖಂಡಿತ ಬೇಡ.

ಮಣಿಪಾಲದಿಂದ:
ಅಕ್ಕ, ನಿಮ್ಮದನ್ನು ರೆಸಿನ್ ಸಿಮೆಂಟಿನಿಂದ ಅಂಟಿಸಿದ್ದರೋ, ಮಾಮೂಲಿ ಸಿಮೆಂಟಿನಿಂದಲೋ? ಅಗಿಯುವ ಜಾಗದಲ್ಲಿ ಕ್ಯಾಪ್ 1.5 ಮಿಲಿಮೀಟರ್ ದಪ್ಪವಿತ್ತೇ? ಕೊನೆಯ ದವಡೆಯಲ್ಲಿ ಡಾಕ್ಟರರಿಗೆ ಕೊರೆಯಲು ಜಾಗ ಸಿಗದೆ, ತೆಳುವಾದ ಕ್ಯಾಪನ್ನೇ ಮಾಡಿಕೊಡಿ ಎಂದು ನಮ್ಮನ್ನು ಒತ್ತಾಯಿಸುವುದುಂಟು. ಅಂಥಲ್ಲಿ 3 ಮೋಲ್ ಶೇಕಡಾದ ಜಿರ್ಕೋನಿಯಾ ಅದರ ಅರ್ಧ ದಪ್ಪದಲ್ಲೂ ತಾಳುತ್ತದೆ, ಇ-ಮ್ಯಾಕ್ಸ್ ತಾಳುವುದಿಲ್ಲ.

ಮೂಡುಬಿದಿರೆಯಿಂದ:
ಸಿಮೆಂಟಿನ ಹೆಸರನ್ನೂ ದಪ್ಪವನ್ನೂ ರೋಗಿಯೇ ವಿಚಾರಿಸಬೇಕೆಂದರೆ ಡಾಕ್ಟರ ಫೀಸು ಯಾತಕ್ಕೆ? ತೆಳುವಾದರೆ ಮುರಿಯುತ್ತದೆಂದು ನಿಮಗೆ ಗೊತ್ತಿತ್ತಲ್ಲ, ಅಂಥ ಆರ್ಡರನ್ನು ವಾಪಸು ಕಳುಹಿಸಬೇಕಾದವರು ನೀವು.

ಮಣಿಪಾಲದಿಂದ:
ವಾಪಸು ಕಳುಹಿಸಿದರೆ ಆ ಕ್ಲಿನಿಕ್ಕಿನ ಕೆಲಸ ಮರುದಿನವೇ ಕೇರಳದ ಲ್ಯಾಬಿಗೆ ಹೋಗುತ್ತದೆ. ಆದರೂ ನಾನು ಕಳುಹಿಸಿದ್ದೇನೆ, ಅದರ ನಷ್ಟವನ್ನೂ ಅನುಭವಿಸಿದ್ದೇನೆ.

ಪಡುಬಿದ್ರಿಯಿಂದ:
ನಿಮ್ಮೆಲ್ಲರ ಲೆಕ್ಕ ಓದಿ ಬೆರಗಾಯಿತು. ಮಂಗಳೂರಿನ ದಂತ ಕಾಲೇಜೊಂದರಲ್ಲಿ 1998ರಲ್ಲಿ ಹಾಕಿಸಿದ ಮೆಟಲ್ ಸೆರಾಮಿಕ್ ಕ್ಯಾಪ್ ನನ್ನ ಬಾಯಲ್ಲಿ ಇಂದಿಗೂ ಗಟ್ಟಿಯಾಗಿದೆ. ಬಂಗುಡೆಯ ಮುಳ್ಳು, ಹಲಸಿನ ಹಪ್ಪಳ, ಎಲೆ ಅಡಿಕೆ, ಯಾವುದಕ್ಕೂ ಜಗ್ಗಿಲ್ಲ. ವಸಡು ಸ್ವಲ್ಪ ಕೆಳಗೆ ಸರಿದು ಅಂಚಿನಲ್ಲಿ ಬೂದುಬಣ್ಣದ ಗೆರೆ ಕಾಣುತ್ತದೆ, ಆದರೆ ಅದು ಹಿಂದಿನ ದವಡೆ, ಯಾರು ನೋಡುತ್ತಾರೆ? ಮೆಟಲ್ ಸೆರಾಮಿಕ್ 1960ರ ದಶಕದಿಂದ ಜನರ ಬಾಯಲ್ಲಿ ಬಾಳಿಕೆ ಬಂದ ವಸ್ತು; ಇ-ಮ್ಯಾಕ್ಸ್ ಎಂಬ ಹೆಸರು ಮಾರುಕಟ್ಟೆಗೆ ಬಂದದ್ದೇ 2005ರಲ್ಲಿ. ನನ್ನ ಹೆಂಡತಿಗೂ ಕಾಲೇಜಿನಲ್ಲೇ ಮಾಡಿಸಿದೆ. ಅಲ್ಲಿ ವಿದ್ಯಾರ್ಥಿ ಹಲ್ಲು ಕೊರೆದರೆ ಪ್ರಾಧ್ಯಾಪಕರು ಬಂದು ನೋಡಿ ಒಪ್ಪಿದ ಮೇಲೆಯೇ ಅಳತೆ ತೆಗೆಯುತ್ತಾರೆ. ಕ್ಲಿನಿಕ್ಕಿನ ಎಸಿಗೂ ಸೋಫಾಕ್ಕೂ ಸೇರಿಸಿ ಹಣ ಕೊಡುವವರು ಮೆಟಲ್ ಸೆರಾಮಿಕ್ಕನ್ನು ಕೀಳಾಗಿ ಕಾಣುವುದು ನನಗೆ ಸಹಿಸುವುದಿಲ್ಲ.

ಸುರತ್ಕಲ್‌ನಿಂದ:
ರಾಯರೇ, ನನ್ನ ಮೆಟಲ್ ಸೆರಾಮಿಕ್ ಒಡೆದದ್ದು ಸೋಫಾದಿಂದಲ್ಲ. ಕಾಲೇಜಿನಲ್ಲಿ ಒಂದು ಕ್ಯಾಪಿಗಾಗಿ ಮತ್ತೆ ಮತ್ತೆ ಬೆಳಗ್ಗೆ ಹೋಗಿ ಕೂರಬೇಕು. ಶಿಫ್ಟಿನಲ್ಲಿ ದುಡಿಯುವವನಿಗೆ ಪ್ರತಿ ಸಲವೂ ಸಂಬಳ ಕಡಿತ. ಅದನ್ನೂ ಖರ್ಚಿಗೆ ಸೇರಿಸಿ ಹೇಳಿ.

ಪಡುಬಿದ್ರಿಯಿಂದ:
ಎರಡು ಸಲ ಕ್ಯಾಪ್ ಹಾಕಿಸಿಕೊಂಡ ನಿಮಗೆ ಎಷ್ಟು ಸಂಬಳ ಕಡಿತವಾಯಿತೆಂದೂ ಹಾಗಾದರೆ ಸೇರಿಸಿ.

ಮಣಿಪಾಲದಿಂದ:
ಹಿರಿಯರ ಕ್ಯಾಪಿನ ಬಾಳಿಕೆಯ ಬಗ್ಗೆ ಎರಡು ಮಾತಿಲ್ಲ, ಅದನ್ನು ಮಾಡಿದ ಕೈಗೆ ನಮಸ್ಕಾರ. ಆದರೆ ಕಡಿಮೆ ದರದ ಮೆಟಲ್ ಸೆರಾಮಿಕ್ಕಿನ ಒಳಲೋಹ ಸಾಮಾನ್ಯವಾಗಿ ನಿಕ್ಕಲ್ ಕ್ರೋಮಿಯಂ. ಕೃತಕ ಒಡವೆ ತೊಟ್ಟಾಗ ಚರ್ಮ ತುರಿಸುವವರು ಅದನ್ನು ಹಾಕಿಸುವ ಮೊದಲು ಡಾಕ್ಟರರಿಗೆ ತಿಳಿಸಲೇಬೇಕು. ಇನ್ನೊಂದು ವಿಷಯ ಬ್ರಹ್ಮಾವರದವರಿಗೆ: ನಿಮ್ಮ ಮೇಲಿನ ಹಲ್ಲು ಕಪ್ಪಾಗಿದೆ ಎಂದಿರಿ. ಇ-ಮ್ಯಾಕ್ಸಿನಲ್ಲಿ ಬೆಳಕು ಹಾಯುವುದರಿಂದ ಒಳಗಿನ ಕಪ್ಪು ಹೊರಗೆ ಬೂದಾಗಿ ಕಾಣುತ್ತದೆ. ಅದನ್ನೇ ಹಾಕಿಸುವುದಾದರೆ, ಕೊರೆದ ಹಲ್ಲಿನ ಬಣ್ಣವನ್ನೂ ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಸಾಲು) ಪಕ್ಕಕ್ಕಿಟ್ಟು ಫೋಟೋ ತೆಗೆದು ಲ್ಯಾಬಿಗೆ ಕಳುಹಿಸಲು ಹೇಳಿ, ಆಗ ನಾವು ಬೆಳಕು ಕಡಿಮೆ ಹಾಯುವ ಬ್ಲಾಕನ್ನು ಆರಿಸುತ್ತೇವೆ. ಬರಿಯ ಏ2 ಎಂದು ಹೊರಬಣ್ಣದ ಸಂಖ್ಯೆ ಬರೆದ ಚೀಟಿಯಿಂದ ಒಳಗಿನ ಕಪ್ಪು ನಮಗೆ ತಿಳಿಯುವುದಿಲ್ಲ.

ಬ್ರಹ್ಮಾವರದಿಂದ:
ಎಲ್ಲರಿಗೂ ಧನ್ಯವಾದ. ನನಗೆ ಕೃತಕ ಓಲೆ ಹಾಕಿದರೆ ಕಿವಿ ಸೋರುತ್ತದೆ, ಹಾಗಾಗಿ ಮೆಟಲ್ ಸೆರಾಮಿಕ್ ಬಿಟ್ಟೆ. ದವಡೆಗೆ ಜಿರ್ಕೋನಿಯಾ ಎಂದು ನಿಶ್ಚಯಿಸಿದ್ದೇನೆ. ಇಟ್ರಿಯಾ ಎಷ್ಟಿರುವುದೆಂದು ಕೇಳುತ್ತೇನೆ, ಉಜ್ಜಿದರೆ ಪಾಲಿಶ್ ಮಾಡದೆ ಕುರ್ಚಿಯಿಂದ ಏಳುವುದಿಲ್ಲ. ಮೇಲಿನ ಹಲ್ಲಿನ ಫೋಟೋ ಕಳುಹಿಸಲು ಡಾಕ್ಟರು ಒಪ್ಪಿದ್ದಾರೆ. ಲ್ಯಾಬಿನ ಉತ್ತರ ಬಂದ ಮೇಲೆ ಅದಕ್ಕೆ ಯಾವುದೆಂದು ತೀರ್ಮಾನಿಸುತ್ತೇನೆ.

ಕದ್ರಿಯಿಂದ:
ವಾರಂಟಿ ಕಾರ್ಡನ್ನು ಅಂಟಿಸುವ ಮೊದಲೇ ಕೇಳಿ, ಹಿಂಬದಿಯನ್ನು ಅಲ್ಲೇ ಓದಿ.

ಪಡುಬಿದ್ರಿಯಿಂದ:
ನಿಕ್ಕಲ್ ಇಲ್ಲದ ಲೋಹದಲ್ಲೂ ಮೆಟಲ್ ಸೆರಾಮಿಕ್ ಮಾಡುತ್ತಾರೆ. ಮಣಿಪಾಲದವರು ಅದನ್ನು ಹೇಳದೆ ಬಿಟ್ಟದ್ದೇಕೆ? ಕೋಬಾಲ್ಟ್ ಕ್ರೋಮಿಯಂನಲ್ಲಿ ಮಾಡಿದರೆ ನಿಮ್ಮ ಲ್ಯಾಬಿನಲ್ಲಿ ಎಷ್ಟಾಗುತ್ತದೆಂದು ಬರೆಯಿರಿ.